ಪರದೆಯ ಮೇಲಿನ ವಯಸ್ಸಿನ ಗುರುತು: ಎಷ್ಟು ನಂಬಬೇಕು, ಹೇಗೆ ಬಳಸಬೇಕು

ಸಿನಿಮಾ, ವೆಬ್ ಸರಣಿ, ಮೊಬೈಲ್ ಆಟ ಇವುಗಳ ಮೇಲೆ ಕಾಣುವ ವಯಸ್ಸಿನ ಗುರುತು ಮಕ್ಕಳಿರುವ ಮನೆಗಳಲ್ಲಿ ಎರಡು ಬಗೆಯ ಪೇಚಿಗೆ ಕಾರಣವಾಗುತ್ತದೆ. 'ಯುಎ' ಎಂದಿದೆಯಲ್ಲ ಎಂಬ ಧೈರ್ಯದಿಂದ ಆರು ವರ್ಷದ ಮಗುವನ್ನು ಕರೆದುಕೊಂಡು ಹೋದರೆ, ಇಂಟರ್‌ವಲ್‌ಗೆ ಮೊದಲೇ ಅದು ಮುಖ ಮುಚ್ಚಿಕೊಂಡು ಮನೆಗೆ ಹೋಗೋಣ ಎಂದು ಹಟ ಹಿಡಿಯುತ್ತದೆ. ಇನ್ನೊಂದು ಕಡೆ, 'ಎ' ಎಂದು ಬರೆದಿರುವ ಕಾರಣಕ್ಕೇ ಹದಿಮೂರರ ಹುಡುಗ ಒಂದು ಸರಣಿಯನ್ನು ಹುಡುಕಿಕೊಂಡು ಹೋಗಿ ನೋಡುತ್ತಾನೆ. ಎರಡೂ ಕಡೆ ಗುರುತು ಇತ್ತು, ಕಣ್ಣಿಗೂ ಬಿದ್ದಿತ್ತು. ಆದರೂ ಅದರಿಂದ ಆಗಬೇಕಾದ ಕೆಲಸ ಆಗಲಿಲ್ಲ.

ಒಂದೇ ಗುರುತಿನಿಂದ ಮೂರು ಬೇರೆ ಬೇರೆ ಕೆಲಸಗಳನ್ನು ಬಯಸುವುದೇ ಇದಕ್ಕೆ ಕಾರಣ. ಒಳಗೇನಿದೆ ಎಂದು ತಿಳಿಸುವುದು ಒಂದು. ವಯಸ್ಸಾಗದವರನ್ನು ಬಾಗಿಲಲ್ಲೇ ತಡೆಯುವುದು ಇನ್ನೊಂದು. ನೋಡಲು ಹೊರಟವರು ತಾವಾಗಿಯೇ ಹಿಂದೆ ಸರಿಯುವಂತೆ ಮಾಡುವುದು ಮೂರನೆಯದು. ಮೊದಲನೆಯದನ್ನು ಗುರುತು ಚೆನ್ನಾಗಿಯೇ ಮಾಡಬಲ್ಲದು. ಎರಡನೆಯದನ್ನು ಬಾಗಿಲಲ್ಲಿ ಯಾರಾದರೂ ನಿಂತಿದ್ದರೆ ಮಾತ್ರ ಮಾಡುತ್ತದೆ. ಮೂರನೆಯದು ಅದರ ಕೈಯಲ್ಲಿ ಆಗುವುದು ಅಪರೂಪ. ಕೆಲವೊಮ್ಮೆ ಪರಿಣಾಮ ತಿರುಗುಮುರುಗಾಗುತ್ತದೆ.

ಈಗಿರುವ ಗುರುತುಗಳು ಮತ್ತು ಅವುಗಳ ಬಲ

ಭಾರತದಲ್ಲಿ ಚಿತ್ರಗಳಿಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರ ಕೊಡುವುದು ಕೇಂದ್ರೀಯ ಚಲನಚಿತ್ರ ಪ್ರಮಾಣೀಕರಣ ಮಂಡಳಿ, ಜನರ ಬಾಯಲ್ಲಿ ಸೆನ್ಸಾರ್. ಅದರ ಒಂದು ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಮೊದಲಿಗೆ ಇದ್ದದ್ದು ಎಲ್ಲರಿಗೂ 'ಯು', ವಯಸ್ಕರಿಗೆ 'ಎ' ಎಂಬ ಎರಡೇ ವರ್ಗ. 1983ರಲ್ಲಿ 'ಯುಎ' ಸೇರಿತು. ವೈದ್ಯರಂಥ ನಿರ್ದಿಷ್ಟ ವರ್ಗದವರಿಗೆಂದು 'ಎಸ್' ಕೂಡ ಬಂತು. 'ಯುಎ' ಎಂದರೆ ಹನ್ನೆರಡರೊಳಗಿನ ಮಕ್ಕಳು ತಂದೆತಾಯಿಯ ವಿವೇಚನೆಯಂತೆ ನೋಡಬಹುದು ಎಂದಷ್ಟೇ ಅರ್ಥ. ಐದರ ಮಗುವಿಗೂ ಹನ್ನೊಂದರ ಮಗುವಿಗೂ ಒಂದೇ ಅಳತೆ. ಈ ಕೊರತೆ ನಾಲ್ಕು ದಶಕ ಹಾಗೇ ಉಳಿಯಿತು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಓಟಿಟಿಗೆ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ಐದು ಮೆಟ್ಟಿಲು ತಂದವು. ಚಿತ್ರಮಂದಿರದ 'ಯುಎ' ಕೂಡ 2023ರ ತಿದ್ದುಪಡಿ ಮತ್ತು 2024ರ ನಿಯಮಗಳ ನಂತರ ಹಾಗೆಯೇ ಮೂರಾಯಿತು. ಅದಕ್ಕೂ ಹಿಂದಿನ ಚಿತ್ರಗಳ ಮೇಲೆ ಹಳೆಯ ಒಂಟಿ 'ಯುಎ' ಇನ್ನೂ ಇರುತ್ತದೆ.

ಈ ಅಕ್ಷರಗಳ ಕಾನೂನಿನ ಬಲ ಒಂದೇ ಸಮನಲ್ಲ. 'ಎ' ಚಿತ್ರಕ್ಕೆ ಹದಿನೆಂಟರೊಳಗಿನವರನ್ನು ಬಿಟ್ಟರೆ ಚಿತ್ರಮಂದಿರದವರೇ ತಪ್ಪಿತಸ್ಥರು. ತಂದೆತಾಯಿ ಜೊತೆಯಲ್ಲಿದ್ದರೂ ಅಷ್ಟೇ. 7+, 13+, 16+ ಗುರುತುಗಳು ಹಾಗಲ್ಲ. ಅವು ಪೋಷಕರ ತಿಳಿವಳಿಕೆಗಾಗಿ ಮಾತ್ರ, ಬೇರೆ ಯಾರೂ ಅವನ್ನು ಜಾರಿ ಮಾಡುವಂತಿಲ್ಲ ಎಂದು ತಿದ್ದುಪಡಿಯೇ ಹೇಳುತ್ತದೆ. ಹತ್ತು ವರ್ಷದ ಮಗುವನ್ನು 16+ ಚಿತ್ರಕ್ಕೆ ಕರೆತಂದ ಕುಟುಂಬವನ್ನು ಗೇಟಿನಲ್ಲಿ ನಿಂತವನು ಒಳಗೆ ಬಿಡುತ್ತಾನೆ. ಅಲ್ಲಿ ಕಾವಲು ಇದೆ ಎಂದು ನಂಬಿ ಹೋದವರಿಗೆ ಇದು ತಿಳಿದಿರುವುದಿಲ್ಲ. ಓಟಿಟಿಯಲ್ಲಿ 13+ ಮತ್ತು ಅದಕ್ಕಿಂತ ಮೇಲಿನವಕ್ಕೆ ಪೇರೆಂಟಲ್ ಲಾಕ್ ಸೌಲಭ್ಯ ಕೊಡಬೇಕು, 'ಎ' ವರ್ಗಕ್ಕೆ ವಯಸ್ಸು ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಇರಬೇಕು ಎಂದು ನಿಯಮವಿದೆ. ಆದರೆ ಬಹಳ ಮನೆಗಳಲ್ಲಿ ಖಾತೆ ಅಪ್ಪನ ಹೆಸರಿನಲ್ಲಿ, ರಿಮೋಟು ಮಕ್ಕಳ ಕೈಯಲ್ಲಿ.

ಹೊರದೇಶದಲ್ಲಿರುವ ಕನ್ನಡ ಕುಟುಂಬಗಳು ಇನ್ನೊಂದು ವ್ಯತ್ಯಾಸ ಗಮನಿಸಬೇಕು. ಬ್ರಿಟನ್ನಿನಲ್ಲಿ '15' ಎಂದಿರುವ ಚಿತ್ರಕ್ಕೆ ಹದಿನಾಲ್ಕರ ಮಗುವನ್ನು ತಂದೆತಾಯಿ ಜೊತೆಗಿದ್ದರೂ ಬಿಡುವುದಿಲ್ಲ. ಅಮೆರಿಕದ 'ಆರ್' ಚಿತ್ರಕ್ಕೆ ಹದಿನೇಳರೊಳಗಿನವರು ದೊಡ್ಡವರ ಜೊತೆ ಹೋಗಬಹುದು.

ಬಾಗಿಲಲ್ಲಿ ಯಾರಾದರೂ ನಿಂತಾಗ

ತಡೆಯುವ ಕೆಲಸದಲ್ಲಿ ಗುರುತು ಗೆದ್ದ ಸ್ಪಷ್ಟ ಉದಾಹರಣೆ ಅಮೆರಿಕದ್ದು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ದೊಡ್ಡವರಿಲ್ಲದೆ ಹದಿಹರೆಯದವರನ್ನೇ ಅಂಗಡಿಗಳಿಗೂ ಚಿತ್ರಮಂದಿರಗಳಿಗೂ ಕಳಿಸಿ ಪರೀಕ್ಷೆ ಮಾಡಿತು. 2000ದಲ್ಲಿ, ಹದಿನೇಳು ದಾಟಿದವರಿಗೆಂದು ಗುರುತು ಹಾಕಿದ ವಿಡಿಯೋ ಗೇಮ್ ಕೊಳ್ಳಲು ಹೋದವರಲ್ಲಿ ನೂರಕ್ಕೆ 85 ಮಂದಿಗೆ ಅದು ಸಿಕ್ಕಿತು. 2013ರಲ್ಲಿ ಸಿಕ್ಕಿದ್ದು 13 ಮಂದಿಗೆ. 'ಆರ್' ಚಿತ್ರದ ಟಿಕೆಟ್ ಪಡೆದವರು ಅದೇ ಅವಧಿಯಲ್ಲಿ 46ರಿಂದ 24ಕ್ಕೆ ಇಳಿದರು. ಡಬ್ಬಿಯ ಮೇಲಿನ ಗುರುತು ಮೊದಲೂ ಇತ್ತು. ಬದಲಾದದ್ದು, ಕೌಂಟರಿನಲ್ಲಿ ಕೂತವರು ವಯಸ್ಸು ಕೇಳತೊಡಗಿದ್ದು.

ಅದೇ ದೇಶದಲ್ಲಿ ಸೋತ ಪ್ರಯೋಗವೂ ಇದೆ. 1996ರ ಕಾನೂನಿನಂತೆ, 2000ದ ಹೊತ್ತಿಗೆ ಹದಿಮೂರು ಇಂಚು ಮತ್ತು ಅದಕ್ಕಿಂತ ದೊಡ್ಡ ಪ್ರತಿ ಹೊಸ ಟಿವಿಯಲ್ಲೂ ವಿ-ಚಿಪ್ ಇರಬೇಕಾಯಿತು. ಕಾರ್ಯಕ್ರಮದ ಗುರುತನ್ನು ಓದಿ ಅದನ್ನು ತಾನೇ ತಡೆಹಿಡಿಯುವ ಚಿಪ್ ಅದು. 2007ರಲ್ಲಿ ಕೈಸರ್ ಫ್ಯಾಮಿಲಿ ಫೌಂಡೇಶನ್ ವಿಚಾರಿಸಿದಾಗ ಅದನ್ನು ಬಳಸಿದ್ದೇವೆ ಎಂದ ಪೋಷಕರು ನೂರಕ್ಕೆ 16 ಮಾತ್ರ. ಚಿಪ್ ಕೆಟ್ಟಿರಲಿಲ್ಲ, ಮೆನುವಿನ ಒಳಗೆಲ್ಲೋ ಹೊಕ್ಕು ಅದನ್ನು ಚಾಲೂ ಮಾಡಬೇಕಿತ್ತು, ಅಷ್ಟೇ. ಇಂದಿನ ಪೇರೆಂಟಲ್ ಲಾಕ್‌ಗಳ ಕಥೆಯೂ ಬಹುಮಟ್ಟಿಗೆ ಇದೇ. ಮನೆಯವರು ಒಮ್ಮೆ ಕೂತು ಹಾಕದ ಹೊರತು ಅವು ಇದ್ದೂ ಇಲ್ಲದಂತೆ.

ಬಾಗಿಲನ್ನೇ ತಪ್ಪಿಸಿ ಒಳಬರುವ ದಾರಿಯೂ ಈಗ ಇದೆ. 2021ರಲ್ಲಿ 'ಸ್ಕ್ವಿಡ್ ಗೇಮ್' ಎಂಬ ಹಿಂಸೆಯ ವೆಬ್ ಸರಣಿ ಬಂದಾಗ ಬೆಲ್ಜಿಯಂ, ಬ್ರಿಟನ್‌ಗಳ ಶಾಲೆಗಳಲ್ಲಿ ಚಿಕ್ಕ ಮಕ್ಕಳು ಅದರ ಆಟಗಳನ್ನು ಅನುಕರಿಸುತ್ತಿದ್ದಾರೆಂದು ಪೋಷಕರಿಗೆ ಎಚ್ಚರಿಕೆ ಹೋಯಿತು. ಸರಣಿಯನ್ನೇ ನೋಡದಿದ್ದರೂ ಅದರ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಿದ್ದವು. ವಯಸ್ಸಿನ ಗುರುತು ಇಡೀ ಸರಣಿಗೆ ಅಂಟಿರುತ್ತದೆ. ಮೂವತ್ತು ಸೆಕೆಂಡಿನ ರೀಲ್ಸ್‌ಗೆ ಯಾವ ಗುರುತೂ ಇರುವುದಿಲ್ಲ.

ಬೇಡ ಎಂದಷ್ಟೂ ಬೇಕೆನಿಸುವುದು

ತನಗಿರುವ ಸ್ವಾತಂತ್ರ್ಯಕ್ಕೆ ಅಡ್ಡಿ ಬಂತು ಎನಿಸಿದ ಕೂಡಲೇ ಅದೇ ವಸ್ತುವಿನ ಮೇಲೆ ಆಸೆ ಹೆಚ್ಚುವುದು ಮನುಷ್ಯ ಸ್ವಭಾವ. ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಮ್ 1966ರಲ್ಲಿ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. ಮನರಂಜನೆಯ ಎಚ್ಚರಿಕೆಗಳಿಗೆ ಇದು ಎಷ್ಟು ಹೊಂದುತ್ತದೆ ಎಂದು ಬ್ರಾಡ್ ಬುಷ್ಮನ್ ಮತ್ತು ಏಂಜೆಲಾ ಸ್ಟ್ಯಾಕ್ 1996ರಲ್ಲಿ ಪರೀಕ್ಷಿಸಿದರು. ಹಿಂಸೆಯ ಕಾರ್ಯಕ್ರಮಗಳ ಮೇಲೆ ಎಚ್ಚರಿಕೆ ಹಾಕಿದಾಗ ನೋಡುವ ಆಸಕ್ತಿ ತಗ್ಗುವ ಬದಲು ಏರಿತು. ಒಳಗೇನಿದೆ ಎಂದು ಮಾತ್ರ ಹೇಳುವ ಗುರುತಿಗೆ ಅಂಥ ಸೆಳೆತ ಇರಲಿಲ್ಲ. 2009ರಲ್ಲಿ ನೆದರ್ಲೆಂಡ್ಸ್‌ನ ಏಳರಿಂದ ಹದಿನೇಳರವರೆಗಿನ 310 ಮಕ್ಕಳಿಗೆ ವಿಡಿಯೋ ಗೇಮ್‌ಗಳ ವಿವರ ತೋರಿಸಿ ಮಾಡಿದ ಅಧ್ಯಯನದಲ್ಲೂ, ವಯಸ್ಸಿನ ಮಿತಿ ತಮ್ಮ ವಯಸ್ಸಿಗಿಂತ ಮೇಲಿದ್ದ ಆಟಗಳೇ ಮಕ್ಕಳಿಗೆ ಹೆಚ್ಚು ಹಿಡಿಸಿದವು. ಏಳೆಂಟು ವರ್ಷದವರೂ, ಹುಡುಗಿಯರೂ ಇದಕ್ಕೆ ಹೊರತಾಗಿರಲಿಲ್ಲ.

ಹಾಗೆಂದು ಗುರುತನ್ನೇ ಕಿತ್ತುಹಾಕುವುದು ಪರಿಹಾರವಾಗದು. ಮಗುವಿಗೆ ಸೆಳೆತವಾಗುವ ಅದೇ ಗುರುತು ಪೋಷಕರಿಗೆ ಬೇಕಾದ ಮಾಹಿತಿ. ಅದನ್ನು ಓದಬೇಕಾದವರು ದೊಡ್ಡವರು, ಓದಬೇಕಾದದ್ದು ಆಯ್ಕೆಗೆ ಮುಂಚೆ. ಪರದೆಯ ಮೂಲೆಯಲ್ಲಿ ಮೂಡಿದ ಮೇಲೆ ಮಗುವಿನ ಜೊತೆ ಕೂತು ಓದಿದರೆ ಅದು ಜಾಹೀರಾತಿನ ಕೆಲಸ ಮಾಡುತ್ತದೆ.

ದೊಡ್ಡವರಿಗೆಂದೇ ಕೊಡುವ ಎಚ್ಚರಿಕೆಗಳೂ ಹೇಳಿಕೊಳ್ಳುವಷ್ಟು ಕೆಲಸ ಮಾಡುವುದಿಲ್ಲ. ಆತ್ಮಹತ್ಯೆ, ಲೈಂಗಿಕ ದೌರ್ಜನ್ಯದಂಥ ದೃಶ್ಯಗಳ ಮುಂಚೆ ತೋರಿಸುವ ಸೂಚನೆಗಳ ಬಗ್ಗೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿದ 2023ರ ಒಂದು ವಿಶ್ಲೇಷಣೆಯ ಪ್ರಕಾರ, ಸೂಚನೆ ಓದಿದವರು ನೋಡುವ ಮುಂಚೆ ಹೆಚ್ಚು ಕಳವಳಗೊಂಡರು. ನೋಡುವಾಗಿನ ನೋವು ಕಡಿಮೆಯಾಗಲಿಲ್ಲ. ನೋಡದೆ ಬಿಟ್ಟವರೂ ಹೆಚ್ಚಲಿಲ್ಲ. ಅಂಥ ದುಃಖವನ್ನು ಅನುಭವಿಸಿದವರು ಮನೆಯಲ್ಲಿದ್ದರೆ ಪರದೆಯ ಸೂಚನೆಯೊಂದನ್ನೇ ನೆಚ್ಚಿಕೊಳ್ಳದೆ, ಕಥೆಯಲ್ಲಿ ಏನಾಗುತ್ತದೆ ಎಂದು ಮೊದಲೇ ತಿಳಿದುಕೊಳ್ಳುವುದು ಮೇಲು.

ಅಳತೆಯೇ ಜಾರುತ್ತದೆ

ವಯಸ್ಸಿನ ಅಂಕಿ ಕಾಲದೊಂದಿಗೆ ಸಡಿಲವಾಗುತ್ತ ಬರುತ್ತದೆ. ಅಮೆರಿಕದಲ್ಲಿ 1984ರಲ್ಲಿ, 'ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್' ಮತ್ತು 'ಗ್ರೆಮ್ಲಿನ್ಸ್' ಚಿತ್ರಗಳ ಬಗ್ಗೆ ಪೋಷಕರು ಆಕ್ಷೇಪಿಸಿದ ಮೇಲೆ 'ಪಿಜಿ-13' ಎಂಬ ಹೊಸ ವರ್ಗ ಹುಟ್ಟಿತು. ಮಕ್ಕಳನ್ನು ಕಾಪಾಡಲೆಂದು ಬಂದ ಆ ವರ್ಗದ ಚಿತ್ರಗಳಲ್ಲಿ ಬಂದೂಕಿನ ಹಿಂಸೆ 1985ರಿಂದ ಮೂರು ಪಟ್ಟಿಗೂ ಹೆಚ್ಚಾಗಿದೆ ಎಂದು 2013ರ ಅಧ್ಯಯನವೊಂದು ಲೆಕ್ಕ ಕೊಟ್ಟಿತು. ಗುರುತು ಕೊಡುವವರು ವರ್ಷವಿಡೀ ಇಂಥವನ್ನೇ ನೋಡುತ್ತಾರೆ, ಕಣ್ಣು ಒಗ್ಗಿಹೋಗುತ್ತದೆ. ಪೋಷಕರೂ ಹಾಗೆಯೇ. 2014ರಲ್ಲಿ ಸಾವಿರ ಪೋಷಕರಿಗೆ ಆರು ತುಣುಕುಗಳನ್ನು ಒಂದಾದ ಮೇಲೊಂದರಂತೆ ತೋರಿಸಿ, ಇದನ್ನು ನೋಡಲು ಮಕ್ಕಳಿಗೆ ಎಷ್ಟು ವಯಸ್ಸಾಗಿರಬೇಕು ಎಂದು ಕೇಳಲಾಯಿತು. ಹಿಂಸೆಯ ಮೊದಲ ತುಣುಕಿಗೆ ಸರಾಸರಿ ಉತ್ತರ 16.9 ವರ್ಷ, ಆರನೆಯದಕ್ಕೆ 13.9. ಒಂದೇ ಪರೀಕ್ಷೆಯಲ್ಲಿ ಮೂರು ವರ್ಷ ಜಾರಿತು. ಮಕ್ಕಳ ಸಿನಿಮಾ ಆಯ್ಕೆಯ ಬಗ್ಗೆ ಯೋಚಿಸುವವರು ನೆನಪಿಡಲೇಬೇಕಾದ ಅಧ್ಯಯನ ಇದು.

ಭಾರತದಲ್ಲಿ ಇದಕ್ಕೆ ಹಣದ ಒತ್ತಡವೂ ಸೇರುತ್ತದೆ. 'ಎ' ಚಿತ್ರ ಹಾಗೆಯೇ ಟಿವಿಯಲ್ಲಿ ಬರುವಂತಿಲ್ಲ, ಕುಟುಂಬದ ಪ್ರೇಕ್ಷಕರೂ ಕೈತಪ್ಪುತ್ತಾರೆ. 2025ರಲ್ಲಿ ತಮಿಳಿನ 'ಕೂಲಿ'ಗೆ 'ಎ' ಸಿಕ್ಕಾಗ ನಿರ್ಮಾಪಕರು 'ಯುಎ' ಬೇಕೆಂದು ಮದ್ರಾಸ್ ಹೈಕೋರ್ಟಿಗೆ ಹೋದರು. ಅರ್ಜಿ ವಜಾ ಆಯಿತು. ಹೆಚ್ಚಿನ ಸಂದರ್ಭಗಳಲ್ಲಿ ವಿಷಯ ನ್ಯಾಯಾಲಯದವರೆಗೆ ಹೋಗುವುದಿಲ್ಲ. ಒಂದಷ್ಟು ಸೆಕೆಂಡುಗಳ ರಕ್ತ, ಒಂದೆರಡು ಬೈಗುಳ ಕತ್ತರಿಸಿದರೆ ಗುರುತು ಒಂದು ಮೆಟ್ಟಿಲು ಇಳಿಯುತ್ತದೆ, ಚಿತ್ರದ ಒಟ್ಟು ಕ್ರೌರ್ಯ ಅಲ್ಲೇ ಉಳಿಯುತ್ತದೆ. ಆದ್ದರಿಂದ 13+ ಎಂಬುದನ್ನು ಹದಿಮೂರಕ್ಕೆ ಸರಿಹೊಂದುತ್ತದೆ ಎಂಬ ಶಿಫಾರಸಾಗಿ ಓದಬಾರದು. ಅದಕ್ಕಿಂತ ಚಿಕ್ಕವರಿಗೆ ಖಂಡಿತ ಯೋಚಿಸಬೇಕು ಎಂಬ ಕನಿಷ್ಠ ಗೆರೆ ಅದು.

ಯಾವ ವಯಸ್ಸಿಗೆ ಯಾವ ಹೆದರಿಕೆ

ಗುರುತು ಅಂಕಿಯಲ್ಲಿ ಮಾತಾಡುತ್ತದೆ, ಮಕ್ಕಳ ಭಯ ಅಂಕಿಯಂತೆ ನೇರವಾಗಿ ಏರಿಳಿಯುವುದಿಲ್ಲ. ಈ ವಿಷಯದಲ್ಲಿ ದೀರ್ಘಕಾಲ ಕೆಲಸ ಮಾಡಿದ ಜೋನ್ ಕ್ಯಾಂಟರ್ ಅವರ ಅಧ್ಯಯನಗಳು ಬಹಳ ಉಪಯುಕ್ತ. ಸುಮಾರು ಎಂಟರೊಳಗಿನ ಮಕ್ಕಳು ಹೆದರುವುದು ಕಣ್ಣಿಗೆ ಕಂಡದ್ದಕ್ಕೆ, ಕಿವಿಗೆ ಬಿದ್ದದ್ದಕ್ಕೆ: ವಿಕಾರ ಮುಖ, ರೂಪ ಬದಲಿಸುವ ದೇಹ, ಹಠಾತ್ ಅಬ್ಬರ. ಯಕ್ಷಗಾನದಲ್ಲಿ ಬಣ್ಣದ ವೇಷ ಅಟ್ಟಹಾಸ ಮಾಡುತ್ತ ಬಂದಾಗ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸುವ ಮಗುವಿನ ಹೆದರಿಕೆಯೂ ಇದೇ. ಕೊನೆಯಲ್ಲಿ ರಾಕ್ಷಸ ಸಾಯುತ್ತಾನೆ ಎಂದು ಹೇಳಿದರೆ ಅದು ಸಮಾಧಾನಗೊಳ್ಳುವುದಿಲ್ಲ. ಎಂಟು ದಾಟಿದ ಮೇಲೆ ಭಯದ ಮೂಲ ಬದಲಾಗುತ್ತದೆ. ಅಪಹರಣ, ಬೆಂಕಿ, ಅಪಘಾತ, ಕಾಯಿಲೆ, ಅಪ್ಪ ಅಮ್ಮ ದೂರವಾಗುವುದು, ಹೀಗೆ ನಿಜವಾಗಿ ನಡೆಯಬಹುದಾದದ್ದು ಕಾಡುತ್ತದೆ. 1983ರಲ್ಲಿ ಅಮೆರಿಕದ ಟಿವಿಯಲ್ಲಿ ಅಣುಯುದ್ಧದ ಕಥೆಯ 'ದಿ ಡೇ ಆಫ್ಟರ್' ಪ್ರಸಾರವಾದಾಗ ತೀರ ಚಿಕ್ಕ ಮಕ್ಕಳು ಅಷ್ಟಾಗಿ ಕಳವಳಗೊಳ್ಳಲಿಲ್ಲ. ಅರ್ಥ ಮಾಡಿಕೊಳ್ಳಬಲ್ಲ ದೊಡ್ಡ ಮಕ್ಕಳೇ ಹೆಚ್ಚು ಕಂಗೆಟ್ಟರು.

ಹೀಗಾಗಿ ರಕ್ತವಿಲ್ಲದ, 'ಯು' ಪಡೆದ ಭೂತದ ಕಥೆ ಐದರ ಮಗುವಿನ ನಿದ್ದೆ ಕೆಡಿಸಬಹುದು. ಸದ್ದುಗದ್ದಲವಿಲ್ಲದ ಅಪಹರಣದ ಕಥೆ ಹತ್ತರ ಮಗುವನ್ನು ವಾರಗಟ್ಟಲೆ ಕಾಡಬಹುದು.

ಎಚ್ಚರಿಕೆ ಆರೋಗ್ಯಕ್ಕೆ ಸಂಬಂಧಿಸಿದಾಗ

1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೋಕೆಮಾನ್'ನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ವೇಗವಾಗಿ ಮಿಣುಗಿದಾಗ ಆರುನೂರಕ್ಕೂ ಹೆಚ್ಚು ಮಂದಿಯನ್ನು, ಅವರಲ್ಲಿ ಬಹುತೇಕರು ಮಕ್ಕಳು, ಆಸ್ಪತ್ರೆಗೆ ಒಯ್ಯಬೇಕಾಯಿತು. ಹಲವರಿಗೆ ಅದಕ್ಕೆ ಮುಂಚೆ ಫಿಟ್ಸ್ ಬಂದದ್ದೇ ಇರಲಿಲ್ಲ. ತನಗೆ ಇಂಥ ತೊಂದರೆ ಇದೆ ಎಂದು ತಿಳಿಯದವರಿಗೆ ಯಾವ ಎಚ್ಚರಿಕೆಯೂ ನೆರವಾಗದು. ಆದ್ದರಿಂದ ಅಲ್ಲಿನ ಪ್ರಸಾರಕರು ಮಿಣುಗುವ ಬೆಳಕಿಗೇ ಮಿತಿ ಹಾಕಿದರು. ತೊಂದರೆ ಇದೆ ಎಂದು ತಿಳಿದವರಿಗೆ ಮಾತ್ರ 'ಮಿಣುಗುವ ಬೆಳಕಿದೆ' ಎಂಬ ಸಾಲು ನಿಜಕ್ಕೂ ರಕ್ಷಣೆ. ಮನೆಯಲ್ಲಿ ಮೂರ್ಛೆರೋಗದವರಿದ್ದರೆ ಬೇರೆಲ್ಲ ಎಚ್ಚರಿಕೆಗಳಿಗಿಂತ ಮೊದಲು ಇದನ್ನು ನೋಡಬೇಕು.

ತೆರೆಯ ಕೆಳಭಾಗದಲ್ಲಿ ಕಾಣುವ ತಂಬಾಕಿನ ಎಚ್ಚರಿಕೆ ಬೇರೆಯದೇ ಸಂಗತಿ. 2012ರ ಅಕ್ಟೋಬರ್ 2ರಿಂದ ಚಿತ್ರಗಳಿಗೂ 2023ರ ಸೆಪ್ಟೆಂಬರ್‌ನಿಂದ ಓಟಿಟಿಗೂ ಅದು ಕಡ್ಡಾಯ. ವಯಸ್ಸಿನ ವರ್ಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಬಳಸುವ ಕ್ರಮ

1. ಮೊದಲು ವಿವರದ ಸಾಲು, ಆಮೇಲೆ ಅಂಕಿ. ಓಟಿಟಿಯಲ್ಲಿ ಅಂಕಿಯ ಪಕ್ಕದಲ್ಲಿ ಹಿಂಸೆ, ಬೈಗುಳ, ಮಾದಕ ವಸ್ತು, ಲೈಂಗಿಕತೆ ಎಂದು ಚಿಕ್ಕದಾಗಿ ಬರೆದಿರುತ್ತದೆ. ಎರಡು ಸರಣಿಗಳಿಗೆ ಒಂದೇ 16+ ಇರಬಹುದು. ಒಂದಕ್ಕೆ ಕಾರಣ ಬೈಗುಳ, ಇನ್ನೊಂದಕ್ಕೆ ಚಿತ್ರಹಿಂಸೆ. ಮನೆಯವರ ನಿರ್ಧಾರಕ್ಕೆ ಬೇಕಾದದ್ದು ಈ ಕಾರಣ.

2. ಅನುಮಾನವಿದ್ದರೆ ಇನ್ನೊಂದು ದೇಶದ ಗುರುತನ್ನೂ ನೋಡಬೇಕು. ಬ್ರಿಟಿಷ್ ಬೋರ್ಡ್ ಆಫ್ ಫಿಲ್ಮ್ ಕ್ಲಾಸಿಫಿಕೇಶನ್ ತನ್ನ ಜಾಲತಾಣದಲ್ಲಿ ಹಿಂಸೆ, ಬೆದರಿಕೆ, ಭಾಷೆ ಎಂದು ಬೇರೆ ಬೇರೆಯಾಗಿ ಕಾರಣ ಬರೆಯುತ್ತದೆ. ಅಲ್ಲಿ ಬಿಡುಗಡೆಯಾಗುವ ಭಾರತೀಯ ಚಿತ್ರಗಳಿಗೂ ಈ ಟಿಪ್ಪಣಿ ಸಿಗುತ್ತದೆ.

3. ಮಕ್ಕಳ ಪ್ರೊಫೈಲ್ ಮಾಡುವುದಕ್ಕಿಂತ ಮುಖ್ಯವಾದದ್ದು ದೊಡ್ಡವರ ಪ್ರೊಫೈಲ್‌ಗೆ ಪಿನ್ ಹಾಕುವುದು. ಮಕ್ಕಳ ಪ್ರೊಫೈಲ್ ಒಂದನ್ನೇ ಮಾಡಿ ಉಳಿದವನ್ನು ತೆರೆದಿಟ್ಟರೆ ಎರಡು ಸಲ ಒತ್ತಿದರೆ ಆಚೆ ಹೋಗಬಹುದು. ಹುಟ್ಟಿದ ವರ್ಷ, ಮೊಬೈಲಿನ ಕೊನೆಯ ನಾಲ್ಕು ಅಂಕಿ ಪಿನ್ ಆಗಬಾರದು. ಮಕ್ಕಳು ಮೊದಲು ಪ್ರಯತ್ನಿಸುವುದೇ ಅವನ್ನು.

4. ಮೊಬೈಲ್ ಆಟಗಳಿಗೆ, ಪ್ಲೇ ಸ್ಟೋರ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ ಸೆಟ್ಟಿಂಗ್ಸ್, ಅಲ್ಲಿಂದ ಫ್ಯಾಮಿಲಿ, ನಂತರ ಪೇರೆಂಟಲ್ ಕಂಟ್ರೋಲ್ಸ್‌ಗೆ ಹೋಗಬೇಕು. ಐಫೋನಿನಲ್ಲಿ ಇದು ಸ್ಕ್ರೀನ್ ಟೈಮ್ ಒಳಗಿದೆ. ಈಗಾಗಲೇ ಇನ್‌ಸ್ಟಾಲ್ ಆಗಿರುವ ಆಟಗಳನ್ನು ಪ್ಲೇ ಸ್ಟೋರ್‌ನ ಮಿತಿ ತೆಗೆದುಹಾಕುವುದಿಲ್ಲ, ಅವನ್ನು ಒಂದೊಂದಾಗಿ ನೋಡಬೇಕು. ಆಟದ ವಯಸ್ಸಿನ ಗುರುತು ತಯಾರಕರೇ ತುಂಬಿದ ಪ್ರಶ್ನಾವಳಿಯಿಂದ ಬಂದದ್ದು. ಆಟದೊಳಗೆ ಅಪರಿಚಿತರು ಏನು ಮಾತಾಡುತ್ತಾರೆ ಎಂಬುದಕ್ಕೆ ಆ ಗುರುತು ಹೊಣೆಯಲ್ಲ. ಚಾಟ್ ಮತ್ತು ಧ್ವನಿ ಸೌಲಭ್ಯವನ್ನು ಬೇರೆಯಾಗಿ ಮುಚ್ಚಬೇಕು.

5. ಯೂಟ್ಯೂಬ್‌ನ ಬಹುಪಾಲು ವಿಡಿಯೋಗಳಿಗೆ ವಯಸ್ಸಿನ ವರ್ಗವೇ ಇಲ್ಲ. ಚಿಕ್ಕವರಿಗೆ ಯೂಟ್ಯೂಬ್ ಕಿಡ್ಸ್, ಅದಕ್ಕಿಂತ ದೊಡ್ಡವರಿಗೆ ಪೋಷಕರ ಮೇಲ್ವಿಚಾರಣೆಯ ಖಾತೆ ಮಾಡಿಕೊಡಬಹುದು. ಯಾವುದೂ ನೂರಕ್ಕೆ ನೂರು ಸೋಸುವುದಿಲ್ಲ.

6. ಬೇಡ ಎನ್ನುವಾಗ ವಯಸ್ಸನ್ನು ಮುಂದೆ ಮಾಡಬಾರದು, ಕಾರಣ ಹೇಳಬೇಕು. 'ನೀನಿನ್ನೂ ಚಿಕ್ಕವನು' ಎಂಬ ಮಾತು ಮಗುವನ್ನು ಕೆಣಕುತ್ತದೆ. 'ಇದರಲ್ಲಿ ಮಗನ ಕಣ್ಣೆದುರೇ ಅಪ್ಪನನ್ನು ಕೊಲ್ಲುತ್ತಾರೆ, ಬಹಳ ಹೊತ್ತು ತೋರಿಸುತ್ತಾರೆ. ಇನ್ನೆರಡು ವರ್ಷ ಹೋಗಲಿ, ಒಟ್ಟಿಗೆ ನೋಡೋಣ ಕಣೋ' ಎಂದಾಗ ಮಗುವಿಗೆ ಯೋಚಿಸಲು ಏನೋ ಸಿಗುತ್ತದೆ.

7. ಒಟ್ಟಿಗೆ ನೋಡುವಾಗ ಬಾಯಿ ಬಿಡಬೇಕು. ದೊಡ್ಡವರು ಪಕ್ಕದಲ್ಲಿ ಮೌನವಾಗಿ ಕೂತರೆ ಮಕ್ಕಳು ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ. 'ಹೀಗೆ ಹೊಡೆದರೆ ನಿಜವಾಗಿ ಏನಾಗುತ್ತಿತ್ತು' ಎಂಬ ಒಂದು ಮಾತೂ ಕೆಲಸ ಮಾಡುತ್ತದೆ.

8. ಮಗು ಹೆದರಿದರೆ, ಎಂಟರೊಳಗಿನದಾದರೆ ಎತ್ತಿಕೊಂಡು ಹೊರಗೆ ಬರುವುದು, ನೀರು ಕುಡಿಸುವುದು, ಪಕ್ಕದಲ್ಲಿ ಮಲಗಿಸಿಕೊಳ್ಳುವುದು; 'ಅದೆಲ್ಲ ಗ್ರಾಫಿಕ್ಸ್' ಎಂಬ ವಿವರಣೆ ಆ ವಯಸ್ಸಿಗೆ ತಲುಪುವುದಿಲ್ಲ. ದೊಡ್ಡ ಮಕ್ಕಳಿಗೆ ವಿವರಣೆಯೇ ಮದ್ದು. ಚಿಕ್ಕವರ ಜೊತೆ ಹೋಗುವಾಗ ಸಾಲಿನ ತುದಿಯ ಸೀಟು ತೆಗೆದುಕೊಂಡಿರಬೇಕು. ಟಿಕೆಟ್ ದುಡ್ಡು ಹೋಯಿತಲ್ಲ ಎಂದು ಮಗುವನ್ನು ಒಳಗೇ ಕೂರಿಸುವುದು ಸರಿಯಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

'ಎ' ಎಂದರೆ ಅಶ್ಲೀಲ ಎಂಬ ಹಳೆಯ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಅದರಿಂದಲೇ, ಬರೀ ಹೊಡೆದಾಟದ ಚಿತ್ರಕ್ಕೆ 'ಎ' ಬಂದರೆ ಪರವಾಗಿಲ್ಲ ಎಂದು ಮಕ್ಕಳನ್ನು ಕರೆದುಕೊಂಡು ಹೊರಡುವವರಿದ್ದಾರೆ. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್‌ನ 'ಸಲಾರ್'ಗೆ 2023ರಲ್ಲಿ 'ಎ' ಸಿಕ್ಕಿದ್ದು ಹಿಂಸೆಗಾಗಿ.

ಕಾರ್ಟೂನಿನಂತೆ ಕಾಣುವುದೆಲ್ಲ ಮಕ್ಕಳದ್ದು ಎಂದುಕೊಳ್ಳುವುದು ಇನ್ನೊಂದು. ಜಪಾನಿನ ಆನಿಮೆಯಲ್ಲಿ ದೊಡ್ಡವರಿಗೆಂದೇ ಮಾಡಿದ್ದು ಬೇಕಾದಷ್ಟಿದೆ.

ಟಿವಿಯಲ್ಲಿ ಮನೆಮಂದಿಯೆಲ್ಲ ನೋಡಿದ ಚಿತ್ರವೇ ಓಟಿಟಿಯಲ್ಲೂ ಇರುತ್ತದೆ ಎಂಬ ಎಣಿಕೆಯೂ ತಪ್ಪಬಹುದು. ಟಿವಿಗೆ ಬರುವಾಗ ದೃಶ್ಯಗಳು ಕತ್ತರಿಸಿರುತ್ತವೆ, ಮಾತುಗಳು ಮ್ಯೂಟ್ ಆಗಿರುತ್ತವೆ. ಓಟಿಟಿಯಲ್ಲಿ ಪೂರ್ತಿ ರೂಪ ಇರಬಹುದು. ಅಲ್ಲಿನ ಸರಣಿಗಳಿಗೆ ಗುರುತು ಕೊಡುವುದೂ ಸೆನ್ಸಾರ್ ಮಂಡಳಿಯಲ್ಲ, ಆಯಾ ಸಂಸ್ಥೆಯೇ.

ಒಮ್ಮೆ ಹಾಕಿದ ಲಾಕನ್ನು ಮರೆತುಬಿಡುವುದೂ ಸಾಮಾನ್ಯ. ಹೊಸ ಟಿವಿ, ಹೊಸ ಫೋನ್, ಹೊಸ ಆ್ಯಪ್ ಬಂದಾಗ ಪಿನ್ ಮತ್ತೆ ಹಾಕಬೇಕಾಗಬಹುದು. ಮಗು ಬೆಳೆದಂತೆ ಮಿತಿಯನ್ನೂ ಮೇಲಕ್ಕೆ ಸರಿಸಬೇಕು. ಹನ್ನೆರಡರ ಮಗುವಿಗೆ 7+ ಮಿತಿಯೇ ಉಳಿದಿದ್ದರೆ ಅದು ಬೇರೆ ದಾರಿ ಹುಡುಕುತ್ತದೆ.

ಗುರುತು ತಪ್ಪಾಗಿದೆ ಎನಿಸಿದರೆ

ಓಟಿಟಿಯ ಗುರುತು ಅಥವಾ ವಿವರದ ಸಾಲು ದಾರಿ ತಪ್ಪಿಸುವಂತಿದ್ದರೆ ದೂರು ಕೊಡಬಹುದು. ಪ್ರತಿ ಸಂಸ್ಥೆಯೂ ಭಾರತದಲ್ಲಿ ಒಬ್ಬ ದೂರು ಅಧಿಕಾರಿಯನ್ನು ನೇಮಿಸಿ, ಸಂಪರ್ಕ ವಿವರವನ್ನು ತನ್ನ ಜಾಲತಾಣದಲ್ಲಿ ಅಥವಾ ಆ್ಯಪ್‌ನಲ್ಲಿ ಪ್ರಕಟಿಸಬೇಕೆಂದು 2021ರ ನಿಯಮಗಳು ಹೇಳುತ್ತವೆ. ಹದಿನೈದು ದಿನಗಳೊಳಗೆ ನಿರ್ಧಾರ ತಿಳಿಸಬೇಕೆಂದೂ ಇದೆ. ಸರಣಿಯ ಹೆಸರು, ಕಂತಿನ ಸಂಖ್ಯೆ, ದೃಶ್ಯ ಬರುವ ನಿಮಿಷ, ಪರದೆಯ ಮೇಲಿದ್ದ ಗುರುತಿನ ಸ್ಕ್ರೀನ್‌ಶಾಟ್ ಇಷ್ಟನ್ನು ಸೇರಿಸಿ, ಯಾವ ವಿವರ ಬಿಟ್ಟುಹೋಗಿದೆ ಎಂದು ಸ್ಪಷ್ಟವಾಗಿ ಬರೆಯಬೇಕು. ಉತ್ತರ ಸಮಾಧಾನ ತರದಿದ್ದರೆ, ಆ ಸಂಸ್ಥೆ ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಮಂಡಳಿಗೆ ಮೇಲ್ಮನವಿ ಕಳಿಸಬಹುದು. ಚಿತ್ರಮಂದಿರದಲ್ಲಿ 'ಎ' ಚಿತ್ರಕ್ಕೆ ಮಕ್ಕಳನ್ನು ಬಿಡುತ್ತಿದ್ದರೆ ಅದು ಕಾನೂನಿನ ಉಲ್ಲಂಘನೆಯಾದ್ದರಿಂದ ಸ್ಥಳೀಯ ಪೊಲೀಸರಿಗೇ ತಿಳಿಸಬಹುದು.